ಬಾಗಿಲು ತೆಗೆದವನ ಚಿತ್ರಕ್ಕೆ ಹಾರ

ಐರ್ಲೆಂಡಿನ ಒಂದು ಕೋಟೆಯ ಬಾಗಿಲನ್ನು ಶತ್ರುಗಳಿಗೆ ತೆರೆದುಕೊಟ್ಟ ದ್ರೋಹಿ ನಾನು. ಇದು ಕೆಲವು ಶತಮಾನಗಳ ಹಿಂದಿನ ಮಾತು. ಆಗ ನಾನು ಹುಟ್ಟಿರಲಿಲ್ಲ. ನಮ್ಮ ವಂಶದವರು ಯಾರೂ ಮಂಡ್ಯ ದಾಟಿ ಆಚೆ ಹೋಗಿರಲಿಲ್ಲ. ಆದರೆ ಕೋಟೆಯ ಪಕ್ಕದಲ್ಲಿ ನಡೆಯುವ ಚಿತ್ರಕಲಾ ಪ್ರದರ್ಶನ ನೋಡಿದವರು ಇದನ್ನೆಲ್ಲ ಕೇಳುವುದಿಲ್ಲ. ಅಲ್ಲಿ ನನ್ನ ಮುಖ ಚೌಕಟ್ಟಿನೊಳಗಿದೆ, ಕೈಯಲ್ಲಿ ಬಾಗಿಲಿನ ಅಗುಳಿಯೂ ಇದೆ.

ಕೋಟೆ ದೊಡ್ಡದೇನಲ್ಲ. ಕಾರ್ಕ್ ನಗರದ ಪಕ್ಕ ನಾವಿರುವ ಬ್ಯಾಲಿನ್‌ಕೊಲಿಗ್‌ನಿಂದ ಪಶ್ಚಿಮಕ್ಕೆ ಸ್ವಲ್ಪ ಹೊತ್ತು ಕಾರು ಓಡಿಸಿದರೆ ಒಂದು ಹಳ್ಳಿ ಸಿಗುತ್ತದೆ. ಅದರ ತುದಿಯಲ್ಲಿ ಒಂದು ಗೋಪುರ, ಅರ್ಧ ಗೋಡೆ, ಬಾಗಿಲಿಲ್ಲದ ಒಂದು ಕಮಾನು. ಒಳಗೆ ಕಾಗೆಗಳ ಸಂಸಾರ. ಪ್ರವಾಸಿಗಳು ಬಸ್ಸಿನಿಂದ ಇಳಿಯುವರು, ಒಂದು ಫೋಟೋ ತೆಗೆಯುವರು, ಟಾಯ್ಲೆಟ್ ಎಲ್ಲಿ ಎಂದು ಕೇಳುವರು, ಹೊರಟುಬಿಡುವರು. ಹಳ್ಳಿಯವರಿಗೆ ಇದರಿಂದ ಬಹಳ ಅವಮಾನವಾಗುತ್ತಿತ್ತು. ಜನ ಸ್ವಲ್ಪ ಹೊತ್ತಾದರೂ ನಿಲ್ಲಲಿ ಎಂದು ಅವರು ಕೋಟೆಯ ಪಕ್ಕದ ಹಳೆಯ ಹಾಲಿನ ಡೈರಿಯನ್ನು ಗುಡಿಸಿ, ಸುಣ್ಣ ಹೊಡೆಸಿ, ಕೋಟೆಯ ಮುತ್ತಿಗೆಯ ಕುರಿತು ಚಿತ್ರಗಳ ಪ್ರದರ್ಶನ ಮಾಡುವುದೆಂದು ತೀರ್ಮಾನಿಸಿದರು. ಚಿತ್ರ ಬರೆಯಲು ಒಪ್ಪಿಕೊಂಡವರು ಆ ಊರಿನ ನಿವೃತ್ತ ದಂತವೈದ್ಯರು.

ಅವರು ನನ್ನನ್ನು ಹಿಡಿದದ್ದು ಕೋಟೆಯ ಪಕ್ಕದ ಆಟದ ಮೈದಾನದಲ್ಲಿ. ನನ್ನ ಮಗಳ ತಂಡ ಮಳೆಯಲ್ಲಿ ಸೋಲುತ್ತಿತ್ತು, ನಾನು ಕೊಡೆ ಹಿಡಿದು ನಿಂತಿದ್ದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ಆಟ ಬಿಟ್ಟು ನನ್ನ ದವಡೆಯನ್ನೇ ನೋಡುತ್ತಿದ್ದರು.

"ನಿಮಗೆ ಮೀಸೆ ಬರುತ್ತಾ?" ಎಂದು ಕೇಳಿದರು.

"ಬರುತ್ತೆ. ಬಿಡಲ್ಲ."

"ಬಿಟ್ಟರೆ ಚೆನ್ನಾಗಿರುತ್ತೆ," ಎಂದು ವಿಷಯಕ್ಕೆ ಬಂದರು. ಚಿತ್ರದ ಉಳಿದ ಪಾತ್ರಗಳಿಗೆಲ್ಲ ಊರಿನಲ್ಲೇ ಮುಖ ಸಿಕ್ಕಿದ್ದವು. ಕೋಟೆಯ ಒಡೆಯನಾಗಲು ಮಾಂಸದ ಅಂಗಡಿಯವನು ಒಪ್ಪಿದ್ದ, ಅವನ ಹೆಂಡತಿಯಾಗಲು ಪೋಸ್ಟ್ ಆಫೀಸಿನವಳು. ಶತ್ರುಗಳಿಗೆ ಬಾಗಿಲು ತೆಗೆದವನ ಪಾತ್ರಕ್ಕೆ ಮಾತ್ರ ಒಬ್ಬನೂ ಮುಂದೆ ಬಂದಿರಲಿಲ್ಲ. "ಈ ಊರಿನವನು ಯಾರು ಕೂತರೂ ಅವನ ಮೊಮ್ಮಕ್ಕಳು ಕೂಡ ಪಬ್‌ನಲ್ಲಿ ಮಾತು ಕೇಳಬೇಕಾಗುತ್ತೆ. 'ಆಗ್ಲೇ ಅನ್ಕೊಂಡಿದ್ವಿ, ನಿಮ್ಮ ಮನೆಯವರೇ ಅಂತ' ಅಂತಾರೆ. ನಿಮಗೆ ಇಲ್ಲಿ ಅಜ್ಜಂದಿರಿಲ್ಲ. ನಿಮ್ಮನ್ನ ಯಾರೂ ಏನೂ ಅನ್ನೋ ಹಾಗಿಲ್ಲ."

ಈ ದೇಶಕ್ಕೆ ಬಂದ ಮೇಲೆ, ಇಲ್ಲಿ ನನಗೆ ಅಜ್ಜಂದಿರಿಲ್ಲ ಎಂಬುದು ಬಾಡಿಗೆ ಮನೆ ಹುಡುಕುವಾಗಿನಿಂದ ಹಿಡಿದು ಎಲ್ಲೆಡೆ ನನಗೆ ಅಡ್ಡವೇ ಬಂದಿತ್ತು. ಅದೊಂದು ಅರ್ಹತೆ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ಉಬ್ಬಿಹೋಗಿ ಒಪ್ಪಿಕೊಂಡುಬಿಟ್ಟೆ.

ಚಳಿಗಾಲವಿಡೀ ಅವರ ಗ್ಯಾರೇಜಿನಲ್ಲಿ ಪೊರಕೆಯನ್ನು ಅಗುಳಿಯೆಂದು ಹಿಡಿದುಕೊಂಡು ಕೂತೆ. ಅವರು ಮಧ್ಯೆ ಮಧ್ಯೆ ಬಾಯಿ ತೆಗೆಸಿ ನೋಡಿ, ಎಡಗಡೆಯ ಹಲ್ಲಿಗೆ ಫಿಲ್ಲಿಂಗ್ ಬೇಕು ಎನ್ನುತ್ತಿದ್ದರು. ಮೀಸೆ ಬಂತು. ಒಂದು ಬೆಳಿಗ್ಗೆ ಬಾತ್‌ರೂಮಿನ ಕನ್ನಡಿ ಒರೆಸಿದೆ. ಅಲ್ಲಿ ನಿಂತಿದ್ದವರು ಅಪ್ಪ.

ಅಪ್ಪ ತೀರಿಕೊಂಡಾಗ ಅವರಿಗೆ ನಲವತ್ತೇಳು. ನಾನಾಗ ಹೈಸ್ಕೂಲಿನಲ್ಲಿದ್ದೆ. ಬ್ಯಾಂಕಿಗೆ ಹೊರಡುವ ಮುಂಚೆ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದವರು ಹಾಗೆಯೇ ಕುಸಿದರು. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಗೊತ್ತಾದದ್ದು ಬಟ್ಟೆ ಸುಟ್ಟ ವಾಸನೆಯಿಂದ. ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ, ದಕ್ಷಿಣದ ಗೋಡೆಯ ಮೇಲೆ ಅವರ ಫೋಟೋ ಇದೆ. ಮೀಸೆ, ಗಂಧದ ಹಾರ, ಮೇಲೊಂದು ಪುಟ್ಟ ಬಲ್ಬು. ಆ ಬಲ್ಬನ್ನು ಅಮ್ಮ ಇಂದಿಗೂ ಆರಿಸಿಲ್ಲ. ನಾನು ದ್ರೋಹಿಯಾದ ವರ್ಷ ನನಗೂ ನಲವತ್ತೇಳು ನಡೆಯುತ್ತಿತ್ತು. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ಆದರೆ ವರ್ಷ ವರ್ಷವೂ ಕರೆದರೂ ಯೋಗ ಕ್ಲಾಸು, ಮಹಿಳಾ ಸಮಾಜ, ಮೊಣಕಾಲು ಎಂದು ನೆಪ ಹೇಳುತ್ತಿದ್ದ ಅಮ್ಮ, ಆ ಬೇಸಿಗೆಗೆ ತಾನೇ ಫೋನ್ ಮಾಡಿ ವೀಸಾಗೆ ಏನೇನು ಬೇಕು ಎಂದು ಕೇಳಿದಳು.

ಅವಳು ಬಂದ ವಾರವೇ ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಕಾಣೆಯಾಯಿತು. ಕೊನೆಗೆ ಅದು ಹಾಟ್‌ಪ್ರೆಸ್‌ನಲ್ಲಿ, ಎಂದರೆ ಇಲ್ಲಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕಿನ ಪಕ್ಕ ಬಟ್ಟೆ ಬೆಚ್ಚಗಿಡುವ ಕಪಾಟಿನಲ್ಲಿ, ಅಮ್ಮನ ಶಾಲುಗಳ ಕೆಳಗೆ ಸಿಕ್ಕಿತು. ನನ್ನ ಹೆಂಡತಿ ನೋಡಿ, ಮತ್ತೆ ಶಾಲು ಮುಚ್ಚಿಟ್ಟು, "ಈ ಬೇಸಿಗೆ ಸುಕ್ಕಿನಲ್ಲೇ ಹೋಗಿ," ಎಂದಳು. ಲಿಟಲ್ ಐಲ್ಯಾಂಡ್‌ನ ನಮ್ಮ ಆಫೀಸಿನಲ್ಲಿ ನನಗೆ ಮನೆಯಲ್ಲಿ ಏನೋ ತೊಂದರೆಯಿದೆ ಎಂದು ಸುದ್ದಿ ಹಬ್ಬಿತು.

ಪ್ರದರ್ಶನದ ಉದ್ಘಾಟನೆಗೆ ಅಮ್ಮ ರೇಷ್ಮೆ ಸೀರೆ ಉಟ್ಟು ಮೇಲೆ ನನ್ನ ಹೆಂಡತಿಯ ರೇನ್‌ಕೋಟ್ ಹಾಕಿಕೊಂಡು ಬಂದಳು. ಅವಳು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು. ಇತಿಹಾಸವೆಂದರೆ ಪ್ರಾಣ. ಡೈರಿಯ ಒಂದು ಗೋಡೆಯ ತುಂಬ ಮುತ್ತಿಗೆಯ ದೊಡ್ಡ ಚಿತ್ರವಿತ್ತು, ಹೊಗೆ, ಕುದುರೆಗಳು, ಏಣಿಗಳು. ಎದುರು ಗೋಡೆಯ ಮೇಲೆ ಒಂದೊಂದು ಪಾತ್ರದ ಮುಖ ಬೇರೆ ಬೇರೆ ಚೌಕಟ್ಟಿನಲ್ಲಿ. ಪ್ರತಿ ಮುಖದ ಮೇಲೂ ಒಂದು ಪುಟ್ಟ ದೀಪ, ಕೆಳಗೆ ಅವನು ಯಾರು, ಯಾವಾಗ ಸತ್ತ ಎಂಬ ಫಲಕ. ಮುತ್ತಿಗೆಯಲ್ಲಿ ಮಡಿದವರ ನೆನಪಿಗೆಂದು ಹಳ್ಳಿಯ ಹೂವಿನ ಅಂಗಡಿಯವರು ಧಾರಾಳ ಮನಸ್ಸಿನಿಂದ ಎಲ್ಲ ಚೌಕಟ್ಟಿಗೂ ಎಲೆ ಮತ್ತು ಬಿಳಿ ಹೂಗಳ ಹಾರ ಹಾಕಿದ್ದರು.

"ಅಜ್ಜಿ, ಕಮಾನ್, ದ್ಯಾಟ್ಸ್ ಡ್ಯಾಡ್," ಎಂದು ಮಗಳು ಅಮ್ಮನ ಕೈ ಹಿಡಿದು ಎಳೆದಳು.

ಅಮ್ಮ ನೋಡಿದಳು. ಮೀಸೆ, ಹಾರ, ದೀಪ, ಸತ್ತ ವರ್ಷ. ವ್ಯಾನಿಟಿ ಬ್ಯಾಗಿನಿಂದ ಫೋನ್ ತೆಗೆದಳು. ಫೋಟೋ ತೆಗೆಯುತ್ತಾಳೆ ಎಂದು ನಾನು ಮುಖ ಸರಿಮಾಡಿಕೊಂಡೆ. ಅವಳು ದಿಕ್ಸೂಚಿ ನೋಡುತ್ತಿದ್ದಳು.

"ದಕ್ಷಿಣದ ಗೋಡೆ," ಎಂದಳು ನನಗೆ ಮಾತ್ರ ಕೇಳುವ ಹಾಗೆ. ಆಮೇಲೆ ಮುಂದೆ ಹೋಗಿ ನನ್ನ ಚಿತ್ರದ ಹಾರ ಕಿತ್ತಳು.

ಭಾಷಣ ಮಾಡುತ್ತಿದ್ದವರು ನಿಲ್ಲಿಸಿದರು. ದಂತವೈದ್ಯರು ಓಡಿಬಂದರು. ಅಮ್ಮ ತರಗತಿಯಲ್ಲಿ ಮಾತಾಡುವ ಇಂಗ್ಲಿಷಿನಲ್ಲಿ, ಇವನು ನನ್ನ ಮಗ, ಬದುಕಿದ್ದಾನೆ ಎಂದಳು. ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಹೌದು, ಬದುಕಿದ್ದಾರೆ ಎಂದು ಒಪ್ಪಿದರು.

"ಹಾಗಾದರೆ ದೀಪ ಆರಿಸಿ."

ಅಲ್ಲಿಯ ವೈರಿಂಗ್ ಕೂಡ ದಂತವೈದ್ಯರದೇ. ಎಲ್ಲ ದೀಪಕ್ಕೂ ಒಂದೇ ಸ್ವಿಚ್ಚು, ಒಂದು ಬಲ್ಬು ಕಳಚಿದರೂ ಉಳಿದವೆಲ್ಲ ಆರುತ್ತಿದ್ದವು. ಅಮ್ಮನ ಮುಖ ನೋಡಿ ಅವರು ಆರಿಸಿಯೇಬಿಟ್ಟರು. ಬಣ್ಣ ಮಾಸದಿರಲಿ ಎಂದು ಕಿಟಕಿಗಳಿಗೆ ಹಲಗೆ ಬಡಿದಿದ್ದರು, ಹಾಗಾಗಿ ಮಟಮಟ ಮಧ್ಯಾಹ್ನ ಕಗ್ಗತ್ತಲು. ಊರಿನ ಗಣ್ಯರೆಲ್ಲ ವೈನ್ ಗ್ಲಾಸು ಹಿಡಿದು ಅಲುಗಾಡದೆ ನಿಂತರು. ಮುತ್ತಿಗೆಯ ರಾತ್ರಿ ಹೀಗೇ ಇದ್ದಿರಬೇಕು ಎಂದು ಯಾರೋ ಭಕ್ತಿಯಿಂದ ಹೇಳಿದರು. ಇನ್ನು ಕೆಲವರು ಇದು ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು.

ಕತ್ತಲಲ್ಲೇ ಸಂಧಾನ ನಡೆಯಿತು. ಅಮ್ಮ, ನಾನು ಮೂಢನಂಬಿಕೆಯವಳಲ್ಲ ಎಂದು ಶುರುಮಾಡಿದಳು. ನಮ್ಮ ಶ್ರೀರಂಗಪಟ್ಟಣದಲ್ಲೂ ಕೋಟೆಯ ದ್ರೋಹಿಯೊಬ್ಬ ಇದ್ದ, ಅವನ ಗೋರಿಗೆ ಜನ ಇವತ್ತಿಗೂ ಕಲ್ಲು ಹೊಡೆಯುತ್ತಾರೆ, ಇಲ್ಲಿ ದಿನಾ ಬರುವವರೆಲ್ಲ ನನ್ನ ಮಗನ ಮುಖ ನೋಡಿ ಶಾಪ ಹಾಕಿದರೆ ಯಾರು ಹೊಣೆ ಎಂದಳು. ಕೊನೆಗೆ ಅಮ್ಮನೇ ಷರತ್ತು ಹಾಕಿದಳು. ಹಾರ ಬೇಡ. ಚಿತ್ರ ನೋಡುವವರು ಪಕ್ಕದಲ್ಲೇ ಬದುಕಿರುವವನನ್ನೂ ನೋಡಬೇಕು, ಅದಕ್ಕೆ ಶನಿವಾರ ಭಾನುವಾರ ಮಗ ಅಲ್ಲಿ ನಿಲ್ಲಬೇಕು. ಉಳಿದ ದಿನ ಚಿತ್ರಕ್ಕೆ ಬಟ್ಟೆ ಮುಚ್ಚಬೇಕು.

"ಅಮ್ಮ, ನನಗೂ ವೀಕೆಂಡ್ ರಜ ಬೇಡ್ವಾ?"

"ಬದುಕಿದ್ರೆ ತಾನೆ ರಜ," ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಬಿಡ್ತು ಅನ್ನು. ಬೇಗ ಅನ್ನು."

"ಬಿಡ್ತು," ಎಂದೆ. ಕೆಟ್ಟ ಮಾತು ಬಾಯಿಂದ ಬಿದ್ದರೆ ಅದನ್ನು ಅಲ್ಲಿಯೇ ರದ್ದು ಮಾಡುವ ಪದ್ಧತಿ ನಮ್ಮದು. ಮಗಳೂ ಕತ್ತಲಲ್ಲಿ ತನ್ನ ಕಾರ್ಕ್ ರಾಗದಲ್ಲಿ, "ಬಿಡ್ತು, ಲೈಕ್," ಎಂದಳು.

ದೀಪ ಹತ್ತಿದಾಗ ಅಮ್ಮನ ಕೈ ಕಂಡಿತು. ಕಿತ್ತ ಹಾರವನ್ನು ಸೆರಗಿನಡಿ ಹಿಚುಕಿ ಹಿಚುಕಿ ಪುಡಿಮಾಡಿದ್ದಳು. ಅಲ್ಲಿಯವರೆಗೆ ನನಗೆ ಸಿಟ್ಟು ಬಂದಿತ್ತು, ಆಮೇಲೆ ಬರಲಿಲ್ಲ. ಅಮ್ಮನಿಗೆ ಭಯವಾಗಿತ್ತು. ನನಗೂ ಆ ವರ್ಷ ಭಯವಿತ್ತು, ಮೆಟ್ಟಿಲು ಹತ್ತಿ ಏದುಸಿರು ಬಂದರೆ ಅಪ್ಪ ನೆನಪಾಗುತ್ತಿದ್ದರು.

ಹೀಗೆ ನಾನು ಪ್ರೇಕ್ಷಣೀಯ ವಸ್ತುವಾದೆ. ವಾರಾಂತ್ಯಗಳಲ್ಲಿ ಸುಕ್ಕಾದ ಶರ್ಟು ತೊಟ್ಟು ನನ್ನದೇ ಚಿತ್ರದ ಪಕ್ಕ ನಿಂತೆ. ಎದುರಿಗೆ ಅಮ್ಮ ಮಡಿಸುವ ಕುರ್ಚಿಯಲ್ಲಿ, ಮಡಿಲಲ್ಲಿ ಚಕ್ಕುಲಿ ಡಬ್ಬ. ಬಂದವರಿಗೆಲ್ಲ, ಅದು ಚಿತ್ರ, ಇವನು ಜೀವಂತ ಎಂದು ಕೈ ತೋರಿಸಿ ಹೇಳುವಳು. ಒಬ್ಬಾಕೆ ನನಗೆ ಟೀ ಬ್ರೇಕ್ ಯಾವಾಗ ಎಂದು ಅಮ್ಮನನ್ನು ಕೇಳಿದಳು. ಒಬ್ಬಾತ ನನ್ನ ಮೀಸೆ ನಿಜವೇ ಎಂದು ಮುಟ್ಟಿ ನೋಡಿದ. ಹೆಚ್ಚಿನವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಯಾಕೆ ಹಾಗೆ ಮಾಡಿದೆ ಎಂದು. ಮೊದಮೊದಲು ನಾನು ಸಾಫ್ಟ್‌ವೇರ್‌ನವನು, ಇದಕ್ಕೂ ನನಗೂ ಸಂಬಂಧವಿಲ್ಲ ಎಂದು ವಿವರಿಸುತ್ತಿದ್ದೆ. ಯಾರಿಗೂ ಅದು ರುಚಿಸಲಿಲ್ಲ. ಆಮೇಲೆ ಬೇಸತ್ತು, "ಹೊರಗೆ ಮಳೆ ಬರುತ್ತಿತ್ತು. ನೆನೆಯುತ್ತಿದ್ದಾರೆ, ಪಾಪ ಅನ್ನಿಸಿತು," ಎನ್ನತೊಡಗಿದೆ. ಎಲ್ಲರಿಗೂ ತೃಪ್ತಿ. ಮೊದಲ ಸಲ ಹಾಗೆಂದಾಗ ಅಮ್ಮ ಚಕ್ಕುಲಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ಬಹಳ ಹೊತ್ತು ನೋಡಿದಳು.

ಒಂದು ಭಾನುವಾರ ಚಿತ್ರದ ಕೆನ್ನೆಯ ಮೇಲೆ ಕಪ್ಪು ಮಚ್ಚೆ ಕಾಣಿಸಿಕೊಂಡಿತು. ದಂತವೈದ್ಯರು ಫಂಗಸ್ ಎಂದು ಹೌಹಾರಿ ಭೂತಗನ್ನಡಿ ತಂದರು. ಅದು ಅಮ್ಮ ಇಟ್ಟ ಕಾಡಿಗೆಯ ದೃಷ್ಟಿಬೊಟ್ಟು. ಇಷ್ಟು ಜನರ ಕಣ್ಣು ಬೀಳುತ್ತದೆ, ಸುಮ್ಮನಿರೋಕಾಗುತ್ತಾ ಎಂದಳು. ಅಳಿಸಬೇಕೆಂದು ಅವರು ಹತ್ತಿಯುಂಡೆ ಒದ್ದೆ ಮಾಡುತ್ತಿರುವಾಗಲೇ ಅಮೆರಿಕದಿಂದ ಪೂರ್ವಜರನ್ನು ಹುಡುಕಿಕೊಂಡು ಬಂದಿದ್ದ ಒಬ್ಬ ದಪ್ಪ ಮನುಷ್ಯ ಒಳಗೆ ಬಂದ. ಫಲಕದ ಮೇಲಿನ ಮನೆತನದ ಹೆಸರು ಅವನದೂ ಆಗಿತ್ತು. ಚಿತ್ರ ನೋಡಿದ, ಮಚ್ಚೆ ನೋಡಿದ, ಅಲ್ಲಿಯೇ ಬೆಂಚಿನ ಮೇಲೆ ಕುಸಿದ. ಅವನ ತಾತನಿಗೆ ಅದೇ ಕೆನ್ನೆಯಲ್ಲಿ ಅದೇ ಮಚ್ಚೆ ಇತ್ತಂತೆ. ಮೂಗು ಕೂಡ ಅವರದೇ ಅಂತೆ. ಆಮೇಲೆ ನನ್ನ ಕಡೆ ತಿರುಗಿ, ಕಣ್ಣೀರು ಸುರಿಸುತ್ತ ನನ್ನನ್ನು ತಬ್ಬಿಕೊಂಡ. ಅವನ ಭುಜದ ಮೇಲಿಂದ ಅಮ್ಮ ನನಗೆ ಕಣ್ಣಲ್ಲೇ, ಇರಲಿ ಬಿಡು, ಪಾಪ ಎಂದಳು. ಅವನು ಹೊರಡುವಾಗ ಚಕ್ಕುಲಿಯನ್ನೂ ಕೊಟ್ಟು ಕಳಿಸಿದಳು. ಹತ್ತಿಯುಂಡೆ ದಂತವೈದ್ಯರ ಕೈಯಲ್ಲೇ ಒಣಗಿತು. ಇನ್ನು ಇದನ್ನು ಅಳಿಸಿದರೆ ಇತಿಹಾಸಕ್ಕೆ ಅಪಚಾರ ಎಂದುಬಿಟ್ಟರು.

ವಾರದ ದಿನಗಳಲ್ಲಿ ಚಿತ್ರಕ್ಕೆ ಮುಚ್ಚಿದ್ದು ಮಗಳ ಬೀಚ್ ಟವೆಲ್, ಡಾಲ್ಫಿನ್ ಚಿತ್ರವಿದ್ದದ್ದು. ಮುಚ್ಚಿದ್ದರಿಂದ ಅದನ್ನು ಎತ್ತಿ ನೋಡುವ ಆಸೆ ಹುಟ್ಟಿತು. ದ್ರೋಹಿಯ ಮುಖಕ್ಕೆ ಬಟ್ಟೆ ಮುಚ್ಚುವುದು ಈ ಹಳ್ಳಿಯ ಪುರಾತನ ಆಚಾರ ಎಂದು ಒಬ್ಬ ಬಸ್ ಗೈಡ್ ಮೈಕಿನಲ್ಲಿ ಹೇಳತೊಡಗಿದ. ಟವೆಲ್ ಎತ್ತಲು ಕ್ಯೂ ನಿಂತಿತು. ಕೋಟೆಯ ಕಡೆ ಈಗ ಟಾಯ್ಲೆಟ್ ಕೇಳಲೂ ಯಾರೂ ಹೋಗಲಿಲ್ಲ, ಕಾಗೆಗಳು ಆರಾಮಾಗಿದ್ದವು. ಹಳ್ಳಿಯವರು ನನ್ನನ್ನು ಕಂಡರೆ ಹೆಬ್ಬೆರಳೆತ್ತಿ ಹೋಗುತ್ತಿದ್ದರು. ಬೇಜಾರಾದದ್ದು ದಂತವೈದ್ಯರಿಗೆ ಮಾತ್ರ. "ಆ ಗೋಡೆ ತುಂಬ ಕುದುರೆ ಬರೆದಿದ್ದೀನಿ, ಒಂದನ್ನೂ ಯಾರೂ ನೋಡಲ್ಲ," ಎಂದು ಅಮ್ಮನ ಹತ್ತಿರ ಹೇಳಿಕೊಂಡರು. ಅಮ್ಮ ಎದ್ದು ಹೋಗಿ ಕುದುರೆಗಳನ್ನೆಲ್ಲ ನೋಡಿ, ಚೆನ್ನಾಗಿವೆ, ಒಂದಕ್ಕೆ ಕಾಲು ಮಾತ್ರ ಸ್ವಲ್ಪ ಹೆಚ್ಚಾಗಿದೆ ಎಂದಳು.

ಅಪ್ಪ ಬದುಕಿದ್ದಷ್ಟು ದಿನ ನಾನೂ ಬದುಕಿ ಮುಗಿಸುವ ದಿನ ಆಗಸ್ಟಿನಲ್ಲಿತ್ತು. ಆ ಲೆಕ್ಕ ನಾನು ಹುಡುಗನಾಗಿದ್ದಾಗಿನಿಂದ ನನ್ನೊಳಗೆ ಇಟ್ಟುಕೊಂಡಿದ್ದೆ. ಅಮ್ಮನೂ ಇಟ್ಟುಕೊಂಡಿದ್ದಾಳೆ ಎಂದು ಗೊತ್ತಾದದ್ದು ಆ ಬೆಳಿಗ್ಗೆ, ನಾನು ಎದ್ದಾಗ ಅವಳು ಸ್ನಾನ ಮಾಡಿ ನನ್ನ ಕೋಣೆಯ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತದ್ದು ನೋಡಿ. ಆಫೀಸಿಗೆ ಹೋದ ಮೇಲೆ ವಾಟ್ಸಾಪ್ ಶುರುವಾಯಿತು. ತಿಂಡಿ ತಿಂದ್ಯಾ. ನೀರು ಕುಡಿ. ಸುಮ್ನೆ ಕೇಳ್ದೆ. ಮೀಟಿಂಗಿನ ಮಧ್ಯೆ ನಾನು "ಗ್ರ್ಯಾಂಡ್" ಎಂದು ಉತ್ತರ ಹಾಕಿದೆ, ಇಲ್ಲಿ ಎಲ್ಲದಕ್ಕೂ ಎಲ್ಲರೂ ಹೇಳುವುದು ಅದನ್ನೇ.

"ಗ್ರ್ಯಾಂಡ್ ಬೇಡ. ಕನ್ನಡದಲ್ಲಿ ಬರಿ," ಎಂದು ಬಂತು.

"ಬದುಕಿದ್ದೀನಿ ಅಮ್ಮ," ಎಂದು ಬರೆದೆ.

ಸಂಜೆ ಮನೆಗೆ ಬಂದಾಗ ಎಲ್ಲರೂ ಅತಿಯಾಗಿ ಮಾಮೂಲಾಗಿದ್ದರು. ಬೇಗ ಮಲಗಿದೆವು. ಮಾರನೆಯ ಬೆಳಿಗ್ಗೆ ಕೆಳಗಿಳಿದರೆ ಊಟದ ಮೇಜಿನ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟಿತ್ತು.

"ಇಸ್ತ್ರಿ ಹಾಕ್ಕೊ," ಎಂದಳು ಅಮ್ಮ. "ಆಫೀಸಿಗೆ ರಜ ಹೇಳು. ಚಿತ್ರದ ಹತ್ರ ಹೋಗೋಣ."

ನಾನು ಶರ್ಟು ಹರವಿದೆ. ಕಾಲರು, ತೋಳು, ಬೆನ್ನು. ಅಮ್ಮ ಪಕ್ಕದಲ್ಲಿ ನಿಂತು, ಕೊನೆಯವರೆಗೂ ಪ್ಲಗ್ಗಿನ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡಿದ್ದಳು. ನಾನು ಪೆಟ್ಟಿಗೆ ಕೆಳಗಿಟ್ಟ ಮೇಲೆ ಆರಿಸಿದಳು.

ಕಾರಿನಲ್ಲಿ ಅಮ್ಮನ ಮಡಿಲಲ್ಲಿ ಚಕ್ಕುಲಿ ಡಬ್ಬವಿತ್ತು. ಅದರೊಳಗಿದ್ದದ್ದು ಹಾರ. ಆಗಸ್ಟಿನಲ್ಲಿ ಇಲ್ಲಿಯ ರಸ್ತೆ ಬದಿಯಲ್ಲೆಲ್ಲ ಅರಳುವ ಕಿತ್ತಳೆ ಬಣ್ಣದ ಕಾಡುಹೂಗಳನ್ನು ಅವಳೂ ಮಗಳೂ ಬೆಳಿಗ್ಗೆಯೇ ಕಿತ್ತು ಕಟ್ಟಿದ್ದರು. ಡೈರಿಯೊಳಗೆ ಹೋಗಿ ಅಮ್ಮ ಡಾಲ್ಫಿನ್ ಟವೆಲ್ ತೆಗೆದು ಮಡಿಸಿ ನನ್ನ ಕೈಗೆ ಕೊಟ್ಟಳು. ಸೆರಗಿನಿಂದ ಚೌಕಟ್ಟು ಒರೆಸಿದಳು. ಹಾರ ಹಾಕಿ, ಎರಡೂ ಕಡೆ ಸಮವಾಗಿದೆಯೇ ಎಂದು ಹಿಂದೆ ಸರಿದು ನೋಡಿದಳು.

"ಅಮ್ಮ, ಅದು ನಾನು," ಎಂದೆ.

"ಅಲ್ಲ. ನಿನಗೆ ಇವತ್ತಿಗೆ ಇದಕ್ಕಿಂತ ವಯಸ್ಸು ಜಾಸ್ತಿ ಆಯ್ತು. ಇದು ನಿಮ್ಮಪ್ಪ."

ಅಷ್ಟು ಹೊತ್ತಿಗೆ ಬಸ್ಸು ಬಂದು ಜನ ಒಳಗೆ ಬಂದರು. ಮುಂದಿದ್ದ ಹೆಂಗಸು ಫಲಕ ಓದಿ, ಹಾರ ನೋಡಿ, ದ್ರೋಹಿಗೆ ಯಾಕೆ ಹೂವು, ನಿಮಗೆ ಇವನು ಏನಾಗಬೇಕು ಎಂದು ಅಮ್ಮನನ್ನು ಕೇಳಿದಳು.

"ನನ್ನ ಗಂಡ," ಎಂದಳು ಅಮ್ಮ ಇಂಗ್ಲಿಷಿನಲ್ಲಿ.

ಆ ಹೆಂಗಸು, ಅವರು ಬಾಗಿಲು ಯಾಕೆ ತೆಗೆದರು ಎಂದಳು.

"ಯಾರು ಬಂದು ತಟ್ಟಿದರೂ ತೆಗೆಯುತ್ತಿದ್ದರು. ನಾನು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಮಳೆಯಲ್ಲಿ ನಿಂತಿದ್ದಾರೆ, ಪಾಪ, ಅನ್ನುತ್ತಿದ್ದರು."

ಅಪ್ಪನ ಈ ಗುಣ ನನಗೆ ಗೊತ್ತೇ ಇರಲಿಲ್ಲ. ಜನ ಸೇರುತ್ತಿದ್ದರಿಂದ ನಾನು ಟವೆಲ್ ಹಿಡಿದುಕೊಂಡು, ಬೇಸಿಗೆಯೆಲ್ಲ ನಿಂತು ಅಭ್ಯಾಸವಾಗಿದ್ದ ಜಾಗದಲ್ಲಿ, ಚಿತ್ರದ ಪಕ್ಕ ಹೋಗಿ ನಿಂತೆ. ಅಮ್ಮ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ದೀಪದ ಕಡೆ ನೋಡಿದಳು, ಹತ್ತಿತ್ತು. ಆಮೇಲೆ ನನ್ನ ಕಡೆ ಕೈಯಾಡಿಸಿದಳು.

"ನೀನ್ಯಾಕೆ ಇನ್ನೂ ಅಲ್ಲಿ ನಿಂತಿದ್ದೀಯಾ? ಸ್ವಲ್ಪ ಆ ಕಡೆ ಸರಿ, ಅವರ ಮುಖ ಕಾಣ್ಲಿ."